ನೀಲಿ ಟಿಕ್ ಬಂತು, ಮೆಕ್ಯಾನಿಕ್ ಯಾವಾಗ ಬರ್ತಾನೆ?

ಪ್ರಶ್ನೆ: ನಾವು ಅಣ್ಣ-ತಮ್ಮ ಸೇರಿ ಸಾಗರದ ಹತ್ತಿರ ಅಡಿಕೆ ಸುಲಿಯುವ ಯಂತ್ರ, ಔಷಧಿ ಹೊಡೆಯುವ ಪಂಪು, ಕಳೆ ಹೊಡೆಯುವ ಮಷೀನು ಮಾರುತ್ತೇವೆ. ರಿಪೇರಿಯೂ ನಮ್ಮದೇ. ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ. ಎರಡು ವರ್ಷದ ಹಿಂದೆ ವಾಟ್ಸ್ಆಪ್ ಬಿಸಿನೆಸ್ ಹಾಕಿದೆವು. ವೆಬ್‌ಸೈಟ್ ಮಾಡಿಸಿದೆವು, ಅದರಲ್ಲಿ ಚಾಟ್ ಮಾಡುವ ಜಾಗವೂ ಇದೆ. ಮೆಸೇಜ್ ಬಂದ ಕೂಡಲೇ ಆಟೋ ರಿಪ್ಲೈ ಹೋಗುತ್ತದೆ. ಎರಡು ಗಂಟೆಯೊಳಗೆ ನಾವೇ ಉತ್ತರ ಕೊಡುತ್ತೇವೆ. ಆದರೂ ಗೂಗಲ್‌ನಲ್ಲಿ ‘ಮಷೀನ್ ಮಾರಿದ ಮೇಲೆ ರೆಸ್ಪಾನ್ಸೇ ಇಲ್ಲ’ ಅಂತ ಬರೆಯುತ್ತಾರೆ. ಪಕ್ಕದ ಊರಿನಲ್ಲಿ ಇದೇ ಕೆಲಸ ಮಾಡುವ ಒಬ್ಬರು ಹಗಲು ಹೊತ್ತು ಫೋನನ್ನೇ ಎತ್ತುವುದಿಲ್ಲ. ಜನ ಅವರನ್ನು ಹೊಗಳುತ್ತಾರೆ! ಈಗ ಒಬ್ಬರು ಚಾಟ್‌ಬಾಟ್ ಹಾಕಿಸಿಕೊಳ್ಳಿ ಅಂತ ಹಿಂದೆ ಬಿದ್ದಿದ್ದಾರೆ. ಹಾಕಿಸೋಣವಾ? ಹೋದ ಕೊಯ್ಲಿನ ಹೊತ್ತಿನ ಒಂದಿಷ್ಟು ಚಾಟ್‌ಗಳನ್ನು ಹೆಸರು, ನಂಬರ್ ಅಳಿಸಿ ಕಳಿಸಿದ್ದೇನೆ, ನೋಡಿ.

ಉತ್ತರ: ನೀವು ಕಳಿಸಿದ ಚಾಟ್‌ಗಳನ್ನೆಲ್ಲ ಕೂತು ಓದಿದೆ. ಎರಡು ಗಂಟೆಯೊಳಗೆ ಉತ್ತರ ಕೊಡುತ್ತೇವೆ ಅಂದಿರಲ್ಲ, ಅದು ನಿಜ. ಎಷ್ಟೋ ಕಡೆ ಅರ್ಧ ಗಂಟೆಯಲ್ಲೇ ಕೊಟ್ಟಿದ್ದೀರಿ. ಹಾಗಿದ್ದರೂ ಗಿರಾಕಿ ಬರೆದದ್ದು ಸುಳ್ಳಲ್ಲ. ನಿಮ್ಮ ಒಂದು ಚಾಟನ್ನೇ ಇಲ್ಲಿ ಇಡುತ್ತೇನೆ.

ಬೆಳಿಗ್ಗೆ 7.12ಕ್ಕೆ ಒಬ್ಬರು ಬರೆದಿದ್ದಾರೆ: ‘ಸುಲಿಯೋ ಮಷೀನ್ ಕೈಕೊಟ್ಟಿದೆ. ಮೋಟರ್ ಓಡ್ತದೆ, ಅಡಿಕೆ ಸುಲೀತಾ ಇಲ್ಲ, ಹಾಗೇ ಕೆಳಗೆ ಬೀಳ್ತದೆ. ಕೊಯ್ಲು ಶುರುವಾಗಿದೆ ಮಾರಾಯ್ರೆ.’ ಜೊತೆಗೊಂದು ವಿಡಿಯೋ. 7.12ಕ್ಕೇ ನಿಮ್ಮ ಆಟೋ ರಿಪ್ಲೈ: ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ಶೀಘ್ರದಲ್ಲೇ ತಮ್ಮನ್ನು ಸಂಪರ್ಕಿಸಲಾಗುವುದು.’ 8.50ಕ್ಕೆ ನೀವು: ‘ನೋಡ್ತೇವೆ ಸರ್.’ 11.30ಕ್ಕೆ ಅವರು: ‘ಏನಾಯ್ತು?’ ಒಂದು ಗಂಟೆಗೆ ನೀವು: ‘ಹುಡುಗ ಹೊರಗೆ ಹೋಗಿದಾನೆ, ಬಂದ ಕೂಡ್ಲೆ ಹೇಳ್ತೇವೆ.’ ರಾತ್ರಿ ಏನೂ ಇಲ್ಲ. ಮಾರನೇ ದಿನ ಹತ್ತಕ್ಕೆ ಅವರು: ‘ಬರ್ತೀರೋ ಇಲ್ವೋ?’ ನೀವು: ‘ಬರ್ತೇವೆ ಸರ್.’ ಮಧ್ಯಾಹ್ನ ಮೂರಕ್ಕೆ ಹುಡುಗ ಹೋಗಿದ್ದಾನೆ. ಅರ್ಧ ಗಂಟೆಯಲ್ಲಿ ಸರಿ ಮಾಡಿ ಬಂದಿದ್ದಾನೆ.

ನಿಮ್ಮ ಗಡಿಯಾರದಲ್ಲಿ ಇದು ಚೆನ್ನಾಗಿಯೇ ಇದೆ. ಕೊಯ್ಲಿನ ಹೊತ್ತಿನಲ್ಲಿ ಒಂದೂವರೆ ದಿನದೊಳಗೆ ಮನೆ ಬಾಗಿಲಿಗೆ ಹೋಗಿ ರಿಪೇರಿ ಮಾಡಿ ಬರುವುದು ಸಣ್ಣ ಮಾತಲ್ಲ. ಆದರೆ ಅವರ ಮನೆ ಅಂಗಳಕ್ಕೆ ಹೋಗಿ ನಿಂತು ನೋಡಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಅಂತೂ ಸಿಕ್ಕಿ ಕೊನೆ ಇಳಿಸಿ ಆಗಿದೆ. ಹಸಿ ಅಡಿಕೆ ರಾಶಿ ಬಿದ್ದಿದೆ. ಅದು ಕಾಯುವ ಮಾಲಲ್ಲ. ಸುಲಿಯಬೇಕು, ಚೊಗರಿನಲ್ಲಿ, ಅಂದರೆ ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬೇಯಿಸಬೇಕು, ಒಣಗಿಸಬೇಕು. ಅವರ ಮುಂದೆ ಮೂರು ದಾರಿ ಇತ್ತು. ನಿಮ್ಮ ಹುಡುಗನನ್ನು ಕಾಯುವುದು. ಪಕ್ಕದ ಮನೆಯವರ ಮಷೀನು ಕೇಳುವುದು. ಇಲ್ಲವೇ ನಾಲ್ಕು ಜನರನ್ನು ಕರೆಸಿ ಮೆಟ್ಟುಗತ್ತಿಯಲ್ಲಿ ಕೈಯಿಂದಲೇ ಸುಲಿಸುವುದು. ಯಾವುದನ್ನು ಹಿಡಿಯಬೇಕು ಅನ್ನುವುದು ಒಂದೇ ಮಾತಿನ ಮೇಲೆ ನಿಂತಿತ್ತು. ನೀವು ಯಾವಾಗ ಬರುತ್ತೀರಿ?

ಒಂದೂವರೆ ದಿನದಲ್ಲಿ ಮೂರು ಸಲ ಉತ್ತರ ಕೊಟ್ಟಿದ್ದೀರಿ, ಆಟೋ ರಿಪ್ಲೈ ಸೇರಿಸಿದರೆ ನಾಲ್ಕು. ಒಂದರಲ್ಲೂ ‘ಯಾವಾಗ’ ಇಲ್ಲ. ಬೈಕಿನ ಸದ್ದು ಅಂಗಳದಲ್ಲಿ ಕೇಳಿದಾಗಲೇ ಅವರಿಗೆ ಉತ್ತರ ಸಿಕ್ಕಿದ್ದು. ‘ನಾಳೆ ಮಧ್ಯಾಹ್ನದ ಮೇಲೆ’ ಅಂತ ಮೊದಲ ದಿನ ಬೆಳಿಗ್ಗೆಯೇ ಹೇಳಿದ್ದರೆ ಅವರು ಪಕ್ಕದ ಮನೆಯ ಮಷೀನು ತಂದು ಕೆಲಸ ಸಾಗಿಸುತ್ತಿದ್ದರು. ನೀವು ಹೋಗಿದ್ದು ಅದೇ ಮೂರು ಗಂಟೆಗೇ ಆದರೂ ‘ರೆಸ್ಪಾನ್ಸ್ ಇಲ್ಲ’ ಅನ್ನುವ ಮಾತು ಬರುತ್ತಿರಲಿಲ್ಲ.

ಇದು ನಾನು ಸುಮ್ನೆ ತರ್ಕ ಮಾಡಿ ಹೇಳುತ್ತಿರುವುದಲ್ಲ. 1988ರಲ್ಲಿ ಪರಶುರಾಮನ್, ಜೈಥಮಲ್, ಬೆರ್ರಿ ಅನ್ನುವ ಮೂವರು ಪ್ರಾಧ್ಯಾಪಕರು ಸೇವೆಯ ಗುಣಮಟ್ಟ ಅಳೆಯುವ ಒಂದು ಅಳತೆಗೋಲು ಮಾಡಿದರು. ಸರ್ವ್‌ಕ್ವಾಲ್ ಅಂತ ಅದರ ಹೆಸರು. ಒಟ್ಟು 22 ಮಾತುಗಳು, ಐದು ಗುಂಪು. ಅದರಲ್ಲೊಂದು ಗುಂಪು ಸ್ಪಂದನೆಯದು. ಅದರಡಿ ನಾಲ್ಕೇ ವಿಷಯ. ಕೆಲಸ ಯಾವಾಗ ಆಗುತ್ತದೆ ಅಂತ ಸರಿಯಾಗಿ ಹೇಳುತ್ತಾರಾ? ಬೇಗ ಮಾಡಿಕೊಡುತ್ತಾರಾ? ಸಹಾಯ ಮಾಡುವ ಮನಸ್ಸಿದೆಯಾ? ಎಷ್ಟೇ ಗಡಿಬಿಡಿ ಇದ್ದರೂ ನಮ್ಮ ಮಾತಿಗೆ ಓಗೊಡುತ್ತಾರಾ? ಅಂದರೆ ವೇಗದ್ದು ನಾಲ್ಕರಲ್ಲಿ ಒಂದು. ‘ಯಾವಾಗ’ ಅನ್ನುವುದಕ್ಕೆ ಬೇರೆಯೇ ಜಾಗ ಇದೆ. ಐದೂ ಗುಂಪುಗಳಲ್ಲಿ ಜನ ಹೆಚ್ಚು ತೂಕ ಕೊಟ್ಟಿದ್ದು ಮಾತ್ರ ಇನ್ನೊಂದಕ್ಕೆ: ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದಕ್ಕೆ. ಆಗ ವಾಟ್ಸ್ಆಪ್ ಇರಲಿಲ್ಲ, ನಮ್ಮಲ್ಲಿ ಮೊಬೈಲೂ ಇರಲಿಲ್ಲ. ಆದರೂ ನಿಮ್ಮ ಅಂಗಡಿಯ ತಕರಾರು ಆ ನಾಲ್ಕು ಸಾಲಿನೊಳಗೇ ಇದೆ ನೋಡಿ.

ನಿಮಗೆ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುವುದು 2005ರ ಕೆಲಸ. ಅದೇ ಪರಶುರಾಮನ್, ಜೈಥಮಲ್ ಅವರು ಮಲ್ಹೋತ್ರಾ ಜೊತೆ ಸೇರಿ ಅಂತರ್ಜಾಲದ ವ್ಯಾಪಾರಕ್ಕೆ ಹೊಸ ಅಳತೆ ಮಾಡಿದರು. ಮೊದಲು ಒಂದು ಅಳತೆ: ಸೈಟಿನಲ್ಲಿ ಬೇಕಾದ್ದು ಸುಲಭವಾಗಿ ಸಿಗುತ್ತದಾ, ಹೇಳಿದ ಮಾಲು ಹೇಳಿದಂತೆ ಬರುತ್ತದಾ, ಸೈಟು ಕೈಕೊಡದೆ ನಡೆಯುತ್ತದಾ, ನಮ್ಮ ಮಾಹಿತಿ ಗುಟ್ಟಾಗಿ ಇರುತ್ತದಾ. ಈ ನಾಲ್ಕರಲ್ಲಿ ಸ್ಪಂದನೆಯೇ ಇಲ್ಲ! ಅದನ್ನು ಎರಡನೆಯ ಅಳತೆಯಲ್ಲಿ ಇಟ್ಟರು. ಅದು ಏನಾದರೂ ತೊಂದರೆ ಆದವರಿಗೆ ಮಾತ್ರ. ಅಲ್ಲಿ ಸ್ಪಂದನೆಯ ಜೊತೆಗೆ ಇನ್ನೆರಡು ಇವೆ: ನಷ್ಟ ತುಂಬಿಕೊಡುತ್ತಾರಾ, ಮನುಷ್ಯರೊಬ್ಬರು ಮಾತಿಗೆ ಸಿಗುತ್ತಾರಾ.

ಇದರ ಅರ್ಥ ಇಷ್ಟೇ. ಎಲ್ಲವೂ ಸರಿಯಾಗಿ ನಡೆಯುವಾಗ ನಿಮ್ಮ ಸ್ಪಂದನೆಯ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಕ್ಯಾಟಲಾಗ್ ಎಷ್ಟು ಚಂದ ಇದ್ದರೂ, ರೇಟು ಕೇಳಿದವರಿಗೆ ಎಷ್ಟು ಬೇಗ ಹೇಳಿದರೂ ಅದು ಲೆಕ್ಕಕ್ಕೆ ಬರುವುದು ಕಡಿಮೆ. ಮಷೀನು ನಿಂತ ದಿನವೇ ಅವರು ನಿಮ್ಮನ್ನು ಅಳೆಯುವುದು. ನಿಮ್ಮ ಚಾಟ್‌ಗಳಲ್ಲಿ ಇದು ತಿರುಗಾಮುರುಗಾ ಆಗಿದೆ. ಹೊಸ ಪಂಪಿನ ರೇಟು ಕೇಳಿದವರಿಗೆ ಐದು ನಿಮಿಷದಲ್ಲಿ ಫೋಟೋ, ವಿಡಿಯೋ, ಸಬ್ಸಿಡಿಯ ವಿವರ ಎಲ್ಲ ಹೋಗಿದೆ. ಹಳೇ ಪಂಪು ಕೆಟ್ಟವರಿಗೆ ‘ನೋಡ್ತೇವೆ ಸರ್’. ‘ಮಾರಿದ ಮೇಲೆ’ ಅಂತ ಆ ಗಿರಾಕಿ ಒತ್ತಿ ಬರೆದದ್ದು ಸುಮ್ಮನೆ ಅಲ್ಲ.

ಕಾಯುವುದರ ಬಗ್ಗೆ ಇನ್ನೊಂದು ಮಾತು. ಡೇವಿಡ್ ಮೈಸ್ಟರ್ ಅನ್ನುವವರು 1985ರಲ್ಲೇ ಹೇಳಿದ್ದರು, ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುವುದು ಗೊತ್ತಿದ್ದು ಕಾಯುವುದಕ್ಕಿಂತ ಉದ್ದ ಅನಿಸುತ್ತದೆ ಅಂತ. ಸಾಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಲು ಹೊಳೆಬಾಗಿಲಲ್ಲಿ ಲಾಂಚಿಗೆ, ಅಂದರೆ ವಾಹನಗಳನ್ನೂ ದಾಟಿಸುವ ಆ ದೊಡ್ಡ ದೋಣಿಗೆ, ನಿಂತ ದಿನಗಳನ್ನು ನೆನೆಸಿಕೊಳ್ಳಿ. 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಆ ಕಾಯುವಿಕೆ ಮುಗಿಯಿತು. ಅಲ್ಲಿಯವರೆಗೆ ಲಾಂಚ್ ಆಚೆ ದಡದಲ್ಲೂ ಕಾಣದಿದ್ದರೆ ಎಲ್ಲರೂ ಚಡಪಡಿಸುತ್ತಿದ್ದರು. ಅದು ಆಚೆ ದಡ ಬಿಟ್ಟಿದ್ದು ಕಂಡರೆ ಸಾಕು, ಬಂದು ಮುಟ್ಟಲು ಇನ್ನೂ ಹೊತ್ತಿದ್ದರೂ ಜನ ಕಾರಿನಿಂದ ಇಳಿದು ಮಂಡಕ್ಕಿ ತಿನ್ನಲು ಶುರು ಮಾಡುತ್ತಿದ್ದರು. ನಿಮ್ಮ ಗಿರಾಕಿಗೆ ಲಾಂಚ್ ದಡ ಬಿಟ್ಟಿದ್ದು ಕಾಣಬೇಕು.

ಮೊಬೈಲಿನ ತೊಂದರೆ ಏನೆಂದರೆ, ಅದು ಲಾಂಚನ್ನು ಅರ್ಧ ಮಾತ್ರ ತೋರಿಸುತ್ತದೆ. ಒಂದು ಟಿಕ್ ಅಂದರೆ ಮೆಸೇಜ್ ಹೋಗಿದೆ, ನಿಮ್ಮ ಫೋನಿಗೆ ಮುಟ್ಟಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ‘ನೆಟ್‌ವರ್ಕ್ ಇಲ್ಲ ಕಾಣ್ತದೆ’ ಅಂದುಕೊಳ್ಳುತ್ತಾರೆ. ಎರಡು ಟಿಕ್ ನೀಲಿಯಾದರೆ ಕಥೆ ಬೇರೆ. ‘ನೋಡಿಯೂ ಸುಮ್ಮನಿದ್ದಾರೆ’ ಅಂತಲೇ ಅರ್ಥ. 2014ರ ನವೆಂಬರಿನಲ್ಲಿ ವಾಟ್ಸ್ಆಪ್ ಈ ನೀಲಿ ಬಣ್ಣ ತಂದಾಗಿನಿಂದ ಓದಿದ್ದಕ್ಕೆ ಸಾಕ್ಷಿ ಸಿಕ್ಕಿಬಿಟ್ಟಿದೆ. ಹಿಂದೆ ಕಾಗದ ಬರೆದು ಕಾಯುತ್ತಿದ್ದವರಿಗೆ ಈ ಸಂಕಟ ಇರಲಿಲ್ಲ. ಕೆಲವರು ನೀಲಿ ಟಿಕ್ ಬರದಂತೆ ಸೆಟ್ಟಿಂಗ್ ಬದಲಿಸಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಉತ್ತರಿಸಲು ಆಗುವ ಹೊತ್ತಿಗೆ ತೆರೆಯಿರಿ, ತೆರೆದರೆ ಒಂದು ಸಾಲಾದರೂ ಬರೆಯಿರಿ.

ಇನ್ನೊಂದು ಕಂಡಿತು, ಹೇಳದೆ ಬಿಡಲಾರೆ. ಆ ಮಷೀನ್ ಕೈಕೊಟ್ಟ ದಿನ ರಾತ್ರಿ ಅವರಿಗೆ ಉತ್ತರ ಹೋಗಲಿಲ್ಲ, ಆದರೆ ನಿಮ್ಮ ಅಂಗಡಿಯ ಸ್ಟೇಟಸ್‌ನಲ್ಲಿ ಹೊಸ ಮಾಡೆಲ್ಲಿನ ಆಫರ್ ಬಂದಿದೆ. ಅದರ ಸ್ಕ್ರೀನ್‌ಶಾಟನ್ನೇ ಅವರು ನಿಮಗೆ ವಾಪಸ್ ಕಳಿಸಿದ್ದಾರೆ, ಒಂದು ಮಾತೂ ಬರೆಯದೆ. ಅದಕ್ಕಿಂತ ಜೋರಾಗಿ ಬೈಯುವುದು ಹೇಗೆ?

ಜನಕ್ಕೆ ಇಷ್ಟೊಂದು ನಿರೀಕ್ಷೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಹಾಲಿನ ಅಂಗಡಿಯಲ್ಲಿ ಯುಪಿಐ ಮಾಡಿದರೆ ಡಬ್ಬಿ ಆ ಕ್ಷಣವೇ ‘ಹಣ ಬಂತು’ ಅಂತ ಕೂಗುತ್ತದೆ. ಪಾರ್ಸಲ್ ಎಲ್ಲಿದೆ ಅಂತ ದಿನಾ ಮೆಸೇಜ್ ಬರುತ್ತದೆ. ಅಷ್ಟೇ ಏಕೆ, 2012ರಿಂದ ನಮ್ಮ ಸರ್ಕಾರಿ ಕಚೇರಿಗಳಲ್ಲೇ ಸಕಾಲ ಯೋಜನೆ ಇದೆ. ಅರ್ಜಿ ಕೊಟ್ಟರೆ 15 ಅಂಕಿಯ ಒಂದು ನಂಬರ್ ಕೊಡುತ್ತಾರೆ, ಯಾವ ತಾರೀಕಿನೊಳಗೆ ಕೆಲಸ ಆಗಬೇಕು ಅಂತಲೂ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ತಾಲ್ಲೂಕು ಕಚೇರಿಯಲ್ಲೇ ತಾರೀಕು ಪಡೆದು ಬಂದ ಮನುಷ್ಯ ನಿಮ್ಮ ಹತ್ತಿರ ‘ಶೀಘ್ರದಲ್ಲೇ’ ಅನ್ನುವ ಮಾತನ್ನು ಒಪ್ಪುತ್ತಾನಾ?

ಈಗ ಆ ಪಕ್ಕದ ಊರಿನವರ ಗುಟ್ಟು. ನನಗೆ ಅವರ ಪರಿಚಯ ಇಲ್ಲ, ಆದರೆ ಅಂಥವರನ್ನು ಶಿವಮೊಗ್ಗದಲ್ಲಿ, ತೀರ್ಥಹಳ್ಳಿಯಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಹಗಲಿಗೆ ಫೋನ್ ಎತ್ತುವುದಿಲ್ಲ, ಏಕೆಂದರೆ ಕೈತುಂಬ ಗ್ರೀಸು. ರಾತ್ರಿ ಎಂಟಕ್ಕೆ ಊಟಕ್ಕೆ ಮುಂಚೆ ಕೂತು ಮಿಸ್ಡ್ ಕಾಲ್‌ಗಳಿಗೆಲ್ಲ ತಾವೇ ಫೋನ್ ಮಾಡುತ್ತಾರೆ. ‘ಗುರುವಾರ ನಿಮ್ಮ ಕಡೆ ಬರೋದಿದೆ, ಹನ್ನೊಂದರ ಒಳಗೆ ಬರ್ತೇನೆ, ಅಲ್ಲೀವರೆಗೆ ಮಷೀನ್ ಬಿಚ್ಚೋಕೆ ಹೋಗ್ಬೇಡಿ’ ಅನ್ನುತ್ತಾರೆ. ಗುರುವಾರ ಹೋಗುತ್ತಾರೆ. ಎಂಟು ಗಂಟೆಗೆ ಫೋನ್ ಬಂದೇ ಬರುತ್ತದೆ ಅಂತ ಊರಿಗೆಲ್ಲ ಗೊತ್ತು. ಹಾಗಾಗಿ ಹಗಲು ಅವರು ಎತ್ತದಿದ್ದರೂ ಯಾರಿಗೂ ಬೇಸರ ಇಲ್ಲ. ನಿಮ್ಮ ಊರಿನವರನ್ನು ಒಮ್ಮೆ ಕೇಳಿ ನೋಡಿ, ಇಂಥದ್ದೇ ಏನೋ ಇರುತ್ತದೆ.

ಚಾಟ್‌ಬಾಟ್ ವಿಷಯಕ್ಕೆ ಬರೋಣ. ಹೋದ ವರ್ಷ ಜುಲೈಯಲ್ಲಿ ಆಗುಂಬೆ ಕಡೆಯ ನಮ್ಮ ಅಕ್ಕನ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ, ಅದೇ ಹೊತ್ತಿಗೆ ಇನ್‌ವರ್ಟರ್ ಕೆಟ್ಟಿತು. ಮನೆಯಲ್ಲಿ ಡೇಟಾ ಸಿಗುವುದಿಲ್ಲ. ಭಾವ ಕೊಡೆ ಹಿಡಿದು ಹಿಂದಿನ ಗುಡ್ಡ ಹತ್ತಿ ಕಂಪನಿಯ ಬಾಟಿಗೆ ಮೆಸೇಜ್ ಹಾಕಿದರು. ಅದು ‘ಮಾರಾಟಕ್ಕೆ 1, ಸೇವೆಗೆ 2 ಒತ್ತಿ’ ಅಂದಿತು. 2 ಒತ್ತಿದರು. ಪಿನ್‌ಕೋಡ್ ಕೇಳಿತು. ಕೊಟ್ಟರು. ಸೀರಿಯಲ್ ನಂಬರ್ ಕೇಳಿತು. ಅದು ಇರುವುದು ಮನೆಯಲ್ಲಿ, ಬ್ಯಾಟರಿ ಪಕ್ಕದ ಡಬ್ಬಿಯ ಹಿಂದೆ! ಇಳಿದು ಬರೆದುಕೊಂಡು, ಕಾಲಿಗೆ ಕಚ್ಚಿದ ಉಂಬಳ ಕಿತ್ತುಕೊಳ್ಳುತ್ತಾ ಮತ್ತೆ ಹತ್ತಿದರು. ‘ಹೊತ್ತು ಮೀರಿದ್ದರಿಂದ ಈ ಸಂಭಾಷಣೆ ಮುಗಿಸಲಾಗಿದೆ’ ಅಂತ ಬಂದಿತ್ತು. ಮತ್ತೆ ಮೊದಲಿಂದ. ಅಂತೂ ದೂರು ದಾಖಲಾಯಿತು. ಎರಡು ದಿನ ಬಿಟ್ಟು ಒಬ್ಬ ಹುಡುಗ ಫೋನ್ ಮಾಡಿ, ‘ಒಂದು ಒಟಿಪಿ ಬಂದಿರ್ತದೆ ಸರ್, ಹೇಳಿ, ನಾಳೆ ಬರ್ತೇನೆ’ ಅಂದ. ಭಾವ ಪಾಪ ಹೇಳಿದರು. ಆ ಒಟಿಪಿ ಕೆಲಸ ಮುಗಿದ ಮೇಲೆ ಕೊಡುವಂಥದ್ದು. ಸಂಜೆ ಮೆಸೇಜ್ ಬಂತು: ‘ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?’ ಅಕ್ಕ ಅದನ್ನು ಚಿಮಣಿ ದೀಪದ ಬೆಳಕಿನಲ್ಲಿ ಓದಿದಳು.

ಆ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ಮೊದಲ ಉತ್ತರ ಸೆಕೆಂಡಿನಲ್ಲಿ, ದೂರು ಮುಗಿದದ್ದು ಎರಡೇ ದಿನದಲ್ಲಿ. ನಿಮಗೆ ಬಾಟ್ ಮಾರಲು ಬಂದವರು ತೋರಿಸುವುದೂ ಅದೇ ಅಂಕಿಗಳನ್ನು.

ಹಾಗಾಗಿ ಈಗ ಬೇಡ. ಬಾಟ್ ಕೆಟ್ಟದ್ದು ಅಂತಲ್ಲ. ಅಂಗಡಿ ಎಷ್ಟಕ್ಕೆ ತೆರೆಯುತ್ತದೆ, ಸ್ಪೇರ್ ಇದೆಯಾ ಅನ್ನುವಂಥದ್ದಕ್ಕೆ ಅದು ಸಾಕು. ಮಷೀನು ನಿಂತವರಿಗೆ ಅದು ಬೇಲಿ. ಆ ವೆಬ್‌ಸೈಟಿನ ಚಾಟ್ ಜಾಗವನ್ನೂ ತೆಗೆಸಿಬಿಡಿ. ನಾನೇ ಒಂದು ಮಂಗಳವಾರ ಅದರಲ್ಲಿ ಬರೆದು ನೋಡಿದೆ, ಶುಕ್ರವಾರದವರೆಗೂ ಯಾರೂ ಮಾತಾಡಲಿಲ್ಲ. ಬಾಗಿಲು ತೆರೆದಿಟ್ಟು ಒಳಗೆ ಯಾರೂ ಇಲ್ಲದ ಮನೆ ಹಾಗೆ. ಒಂದೇ ಬಾಗಿಲು ಇರಲಿ, ಅಲ್ಲಿ ಯಾರಾದರೂ ಕೂತಿರಲಿ.

ಆಟೋ ರಿಪ್ಲೈ ತೆಗೆಯಬೇಡಿ, ಮಾತು ಬದಲಿಸಿ. ನಾನಾದರೆ ಹೀಗೆ ಬರೆಯುತ್ತೇನೆ: ‘ಮೆಸೇಜ್ ಸಿಕ್ಕಿತು. ರಿಪೇರಿಗೆ ಯಾವಾಗ ಬರ್ತೇವೆ ಅಂತ ಇವತ್ತು ರಾತ್ರಿ 8ರ ಒಳಗೆ ಫೋನ್ ಮಾಡಿ ಹೇಳ್ತೇವೆ. ಮಷೀನ್ ಪೂರ್ತಿ ನಿಂತಿದ್ರೆ ಈಗಲೇ ಫೋನ್ ಮಾಡಿ.’ ಕೆಳಗೆ ಒಂದು ನಂಬರ್. ಅಷ್ಟೇ. ಆಮೇಲೆ 8ರ ಒಳಗೆ ಫೋನ್ ಮಾಡಲೇಬೇಕು. ಒಂದು ದಿನ ತಪ್ಪಿದರೂ ಆ ಮೆಸೇಜು ‘ಶೀಘ್ರದಲ್ಲೇ’ಗಿಂತ ಕಡೆಯಾಗುತ್ತದೆ. ಇನ್ನೊಂದು ಗಮನಿಸಿ: ವಾಟ್ಸ್ಆಪ್ ಬಿಸಿನೆಸ್‌ನ ಗ್ರೀಟಿಂಗ್ ಮೆಸೇಜ್ ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತುಕತೆ ಇಲ್ಲದವರಿಗೆ ಮಾತ್ರ ಹೋಗುತ್ತದೆ. ಮೊನ್ನೆ ಮೊನ್ನೆ ಮಾತಾಡಿದ ಹಳೇ ಗಿರಾಕಿಗೆ ಅದು ಹೋಗುವುದೇ ಇಲ್ಲ. ಎಲ್ಲರಿಗೂ ಹೋಗುತ್ತಿದೆ ಅಂತ ನಂಬಿಕೊಂಡು ಕೂರಬೇಡಿ.

ಬರಲು ಆಗುವುದಿಲ್ಲ ಅಂತಾದರೆ ಅದನ್ನೂ ಹೇಳಿ. ‘ಈ ವಾರ ಆಗೋದಿಲ್ಲ, ಸೋಮವಾರ ಬರ್ತೇವೆ’ ಅನ್ನಲು ವ್ಯಾಪಾರಸ್ಥರಿಗೆ ನಾಲಿಗೆ ಏಳುವುದಿಲ್ಲ, ಗಿರಾಕಿ ಬಿಟ್ಟು ಹೋದರೆ ಅಂತ ಹೆದರಿಕೆ. ನನ್ನ ಅನುಭವದಲ್ಲಿ ಬಿಟ್ಟು ಹೋಗುವವರು ಕಡಿಮೆ. ಹೇಳಿದ ದಿನ ತಪ್ಪುತ್ತದೆ ಅಂತ ಗೊತ್ತಾದ ಕ್ಷಣ ನೀವೇ ಮೊದಲು ಫೋನ್ ಮಾಡಿ. ಅವರು ‘ಏನಾಯ್ತು?’ ಅಂತ ಕೇಳುವ ಮುಂಚೆ ಮಾಡಿದರೆ ಅದು ಕಾಳಜಿ, ಕೇಳಿದ ಮೇಲೆ ಹೇಳಿದರೆ ನೆಪ.

ಭಾವನ ಗುಡ್ಡದ ಕಥೆ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಬಿದನೂರು ನಗರ, ಹೊಸನಗರ, ಹಿನ್ನೀರಿನ ಆಚೆಯ ಹಳ್ಳಿಗಳಿಂದ ಬರುವ ಎಷ್ಟೋ ಮೆಸೇಜುಗಳು ಹೀಗೇ ಯಾವುದೋ ದಿಬ್ಬ ಹತ್ತಿ ಕಳಿಸಿದವು. ನೀವು ‘ಯಾವ ಮಾಡೆಲ್ ಸರ್?’ ಅಂತ ಕೇಳಿದರೆ ಅವರಿಗೆ ಇನ್ನೊಂದು ಸಲ ದಿಬ್ಬ. ‘ಯಾವಾಗ ತಗೊಂಡಿದ್ದು?’ ಅಂದರೆ ಮತ್ತೊಂದು ಸಲ. ಮಾರಿದ್ದು ನೀವೇ ಅಲ್ವಾ? ಮಾಡೆಲ್ಲು, ತಾರೀಕು, ಊರು, ಮನೆಗೆ ದಾರಿ ಇವನ್ನೆಲ್ಲ ಮಾರುವಾಗಲೇ ಅವರ ನಂಬರಿನ ಜೊತೆ ಬರೆದಿಟ್ಟುಕೊಳ್ಳಿ. ವಾಟ್ಸ್ಆಪ್‌ನಲ್ಲೇ ಲೇಬಲ್ ಹಚ್ಚಬಹುದು, ಇಲ್ಲದಿದ್ದರೆ ಒಂದು ನೋಟ್‌ಬುಕ್ ಸಾಕು. ಬರುವ ದಿನವನ್ನು ಸಾದಾ ಎಸ್ಎಂಎಸ್‌ನಲ್ಲೂ ಕಳಿಸಿ. ಡೇಟಾ ಇಲ್ಲದಿದ್ದರೂ ಒಂದು ಕಡ್ಡಿ ಸಿಗ್ನಲ್ ಸಿಕ್ಕಿದರೆ ಅದು ಮುಟ್ಟುತ್ತದೆ.

ಗೂಗಲ್ ರಿವ್ಯೂಗಳಿಗೆ ನೀವು ಎಲ್ಲದಕ್ಕೂ ಒಂದೇ ಉತ್ತರ ಅಂಟಿಸಿದ್ದೀರಿ: ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ಅದನ್ನು ಓದುವುದು ಬರೆದ ಗಿರಾಕಿಗಿಂತ ಜಾಸ್ತಿ, ಮುಂದೆ ಮಷೀನು ಕೊಳ್ಳಬೇಕು ಅಂತಿರುವವರು. ಅವರು ನೋಡುವುದು ನೀವು ವಿಷಯ ಓದಿದ್ದೀರಾ ಅಂತ. ಆ ಮಷೀನ್ ಗಿರಾಕಿಗೆ ಹೀಗೆ ಬರೆಯಬಹುದು: ‘ಕೊಯ್ಲಿನ ಹೊತ್ತಲ್ಲಿ ಒಂದೂವರೆ ದಿನ ನಿಮ್ಮನ್ನು ಕಾಯಿಸಿದೆವು, ಯಾವಾಗ ಬರ್ತೇವೆ ಅಂತಲೂ ಹೇಳಲಿಲ್ಲ. ತಪ್ಪು ನಮ್ಮದು. ಈಗ ದಿನಾ ರಾತ್ರಿ 8ರ ಒಳಗೆ ಫೋನ್ ಮಾಡಿ ದಿನ ಹೇಳ್ತಿದ್ದೇವೆ.’ ಮೊದಲು ಅವರಿಗೊಂದು ಫೋನ್ ಮಾಡಿ, ಆಮೇಲೆ ಇದನ್ನು ಹಾಕಿ. ಸ್ಟಾರ್ ಬದಲಿಸಿ ಅಂತ ಮಾತ್ರ ಕೇಳಬೇಡಿ.

ಕಾನೂನಿನದು ಚುಟುಕಾಗಿ ಹೇಳಿಬಿಡುತ್ತೇನೆ. ವೆಬ್‌ಸೈಟಿನಲ್ಲಿ ಸ್ಪೇರ್ ಪಾರ್ಟ್ ಮಾರುತ್ತೀರಿ ಅಂತ ಕಂಡಿತು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದರೆ ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೂರು ನೋಡುವವರ ಹೆಸರು, ಫೋನ್ ಸೈಟಿನಲ್ಲಿ ಇರಬೇಕು. ನಿಮ್ಮದರಲ್ಲಿ ಇಲ್ಲ. ಗಿರಾಕಿ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡುವ ಮುಂಚೆ ಹಾಕಿಸಿಬಿಡಿ.

ಕೊನೆಗೆ, ನೀವು ಕಳಿಸಿದ್ದರಲ್ಲಿ ಒಂದು ಚಾಟ್ ಬೇರೆ ಥರ ಇದೆ. ಭಾನುವಾರದ್ದು. ಭಾಷೆ ನೋಡಿದರೆ ನೀವೂ ಅಲ್ಲ, ನಿಮ್ಮ ಅಣ್ಣನೂ ಅಲ್ಲ. ಹೀಗಿದೆ: ‘ಪಾರ್ಟ್ ನಮ್ಮಲ್ಲಿ ಇಲ್ಲ, ಶಿವಮೊಗ್ಗದಿಂದ ತರಿಸ್ಬೇಕು. ನಾಳೆ ಅಂಗಡಿ ತೆಗೆದ ಮೇಲೆ ಬಸ್ಸಿಗೆ ಹಾಕ್ತಾರೆ, ಸಂಜೆ ನಮ್ಗೆ ಸಿಗ್ತದೆ. ಮಂಗಳವಾರ ಒಂಬತ್ತಕ್ಕೆ ಹುಡುಗ ಬರ್ತಾನೆ. ಅಲ್ಲೀವರೆಗೆ ಯಾರದ್ದಾದ್ರೂ ಮಷೀನ್ ಸಿಗ್ತದಾ ನೋಡಿ, ಇಲ್ದಿದ್ರೆ ಹೇಳಿ, ನಮ್ಮ ಹಳೇದೊಂದು ಇದೆ.’ ಅದಕ್ಕೆ ಅವರ ಉತ್ತರ: ‘ಆಯ್ತು ಅಕ್ಕ, ಮಂಗಳವಾರ ಮನೇಲೇ ಇರ್ತೇನೆ.’ ಈ ಮನುಷ್ಯ ಎರಡು ದಿನ ಕಾದಿದ್ದಾರೆ, ಮೊದಲಿನವರಿಗಿಂತ ಜಾಸ್ತಿ. ನಡುವೆ ಒಂದು ಸಲವೂ ‘ಏನಾಯ್ತು’ ಅಂತ ಕೇಳಿಲ್ಲ. ನಿಮ್ಮ ಅತ್ತಿಗೆಯವರೋ, ಮನೆಯವರೋ ಬರೆದಿರಬೇಕು. ಬಾಟಿಗೆ ತಿಂಗಳಿಗೆ ಎಷ್ಟು ಅಂತ ಹೇಳಿದ್ದಾರೋ ಅದಕ್ಕೆ ಇನ್ನೊಂದಿಷ್ಟು ಸೇರಿಸಿ ಅವರಿಗೆ ಸಂಬಳ ಅಂತ ಕೊಡಿ, ಅಂಗಡಿಯ ಫೋನನ್ನು ಅವರ ಕೈಲಿ ಇಡಿ. ಹುಡುಗರು ಯಾವ ದಿನ ಯಾವ ಕಡೆ ಹೋಗುತ್ತಾರೆ ಅನ್ನುವುದನ್ನು ತೀರ್ಮಾನ ಮಾಡುವವರೂ ಅವರೇ ಆಗಲಿ. ಇಲ್ಲದಿದ್ದರೆ ಪಾಪ ಅವರೂ ‘ನೋಡ್ತೇವೆ ಸರ್’ ಅಂತಲೇ ಬರೆಯಬೇಕಾಗುತ್ತದೆ.